ತಾತ ಕೊಡವಿದ ಕಂಬಳಿ

ಆಗ ನನಗೆ ಹನ್ನೆರಡು ವರ್ಷ. ಇದು ನಡೆದು ಐವತ್ತೈದು ವರ್ಷವಾಯಿತು. ಆ ದಿನಗಳಲ್ಲಿ ನಮ್ಮ ಹಟ್ಟಿಗೆ ಬಸ್ಸು ಇರಲಿಲ್ಲ, ಕರೆಂಟು ಇರಲಿಲ್ಲ, ಕೋಳಿಯೂ ಇರಲಿಲ್ಲ. ಬಸ್ಸು, ಕರೆಂಟು ಆಮೇಲೆ ಬಂದವು. ಕೋಳಿ ಇವತ್ತಿಗೂ ಇಲ್ಲ. ನಮ್ಮವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ. ಬೇಲಿಯೊಳಗೆ ಅದರ ಪುಕ್ಕ ಹಾರಿ ಬಂದರೂ ಗಂಜಲ ಚಿಮುಕಿಸುತ್ತಾರೆ. ಯಾಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಹಿಂದಿನವರು ಹಾಕಿದ ಕಟ್ಟು.

ನಾನು ಮೂರನೇ ಕ್ಲಾಸು ಓದಿದವಳು. ಬರೆಯುವ ಚಟ ಇಲ್ಲ. ಈ ವರ್ಷ ಪಂಚಾಯ್ತಿ ಆಫೀಸಿನ ಗೋಡೆಗೆ ನನ್ನ ತಾತ ಪಾಲಯ್ಯನ ಫೋಟೊ ಹಾಕಿದರು. ಕೆಳಗೆ ‘ಕಡಲು ದಾಟಿದ ನಮ್ಮೂರ ಮೊದಲ ಕಲಾವಿದ’ ಎಂದು ಬರೆಸಿದ್ದಾರೆ. ಶಾಲೆಯ ಮೇಡಂ ಮನೆಗೆ ಬಂದು, “ಅಜ್ಜಿ, ತಾತನ ಜೊತೆ ಕಳೆದ ದಿನಗಳನ್ನ ಬರ್ಕೊಡಿ, ಮಕ್ಕಳು ಓದ್ಲಿ” ಅಂದರು. ಬರೆಯುತ್ತೇನೆ. ಮೇಡಂಗೆ ಬೇಕಾದ ಹಾಗೆ ಬರೆಯಲು ನನಗೆ ಬರುವುದಿಲ್ಲ. ಆದ ಹಾಗೆ ಬರೆಯುತ್ತೇನೆ.

ಅಪ್ಪ ಕುರಿ ಹೊಡೆದುಕೊಂಡು ಗದ್ದೆ ಸೀಮೆಗೆ ಹೋದರೆ ಆರು ತಿಂಗಳು ಬರುತ್ತಿರಲಿಲ್ಲ. ಮನೆಯಲ್ಲಿ ಇರುತ್ತಿದ್ದವರು ಅವ್ವ, ತಾತ, ನಾನು. ಉಳಿದ ಮೂವತ್ತು ಕುರಿ ಮೇಯಿಸುವುದು ನನ್ನ ಪಾಲು. ಬೆಳಿಗ್ಗೆ ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು, ಬಟ್ಟೆಯಲ್ಲಿ ಕಟ್ಟಿಕೊಂಡು, ವರವು ಕಾವಲಿನ ಕಡೆ ಹೋಗುವುದು. ಆಗ ಕಾವಲಿಗೆ ಗೋಡೆ ಇರಲಿಲ್ಲ. ಕಣ್ಣು ಹೋದಷ್ಟು ದೂರ ಹುಲ್ಲು. ಕಾರೆ ಹಣ್ಣಿನ ಕಾಲದಲ್ಲಿ ನಾಲಗೆ ಕಪ್ಪಾಗುವವರೆಗೆ ತಿನ್ನುತ್ತಿದ್ದೆವು. ಹಣ್ಣು ಇಲ್ಲದ ಕಾಲದಲ್ಲಿ ಗಜ್ಜುಗ ಆಡುತ್ತಿದ್ದೆವು.

ತಾತ ಉರುಮೆ ಬಾರಿಸುವವನು. ಉರುಮೆ ನೋಡದವರಿಗೆ ಹೇಳುತ್ತೇನೆ. ನಡು ಸಣ್ಣಗಿರುವ ವಾದ್ಯ, ಎರಡು ಕಡೆ ಚರ್ಮ. ಒಂದು ಕಡೆ ಹರಳೆಣ್ಣೆ ಸವರಿ ಬಾಗಿದ ಕೋಲಿನಿಂದ ಉಜ್ಜಬೇಕು, ಇನ್ನೊಂದು ಕಡೆ ಬಡಿಯಬೇಕು. ಉಜ್ಜಿದ ಕಡೆ ‘ಗುಂವ್’ ಎಂದು ಹೊಟ್ಟೆಯೊಳಗಿಂದ ನರಳುತ್ತದೆ. ಅದನ್ನು ಕೇಳಿದರೆ ದೇವರ ಎತ್ತುಗಳು ಕೂಡ ಕಿವಿ ನಿಮಿರಿಸುತ್ತವೆ. ಹೆಂಗಸರು ಮುಟ್ಟುವ ವಾದ್ಯವಲ್ಲ. ಆದರೆ ಹಟ್ಟಿಯ ಗಂಡು ಹುಡುಗರು ಯಾರಿಗೂ ಕಲಿಯುವ ತಾಳ್ಮೆ ಇರಲಿಲ್ಲ. ತಾತನ ಹತ್ತಿರ ದೇವರ ಉರುಮೆಯಲ್ಲದೆ ಒಂದು ಹಳೆಯ ಉರುಮೆ ಇತ್ತು. ಅದನ್ನು ಕಾವಲಿಗೆ ತಂದು ಜಾಲಿ ಮರದ ಕೆಳಗೆ ನನಗೆ ಕಲಿಸಿದ.

“ಹಟ್ಟೀಲಿ ಯಾರಿಗೂ ಹೇಳ್ಬ್ಯಾಡ ಪಾಪ” ಅನ್ನುತ್ತಿದ್ದ. ನಮ್ಮ ಕಡೆ ತೆಲುಗು ಬೆರೆಯುತ್ತದೆ, ಹೆಣ್ಣು ಮಕ್ಕಳಿಗೆ ಪಾಪ ಅನ್ನುವುದು ರೂಢಿ. “ನಾನು ಹೇಳಲ್ಲ ತಾತ. ಉರುಮೇನೇ ಹೇಳ್ತೈತೆ, ಮೂರು ಮೈಲಿ ಕೇಳ್ಸುತ್ತೆ” ಅಂದಿದ್ದೆ. ತಾತ ನಕ್ಕು ತಲೆಗೆ ಒಂದು ಮೊಟಕಿದ್ದ.

ಉರುಮೆಯೇ ಹೇಳಿತು. ಒಂದು ದಿನ ಸೈಕಲ್ ತಳ್ಳಿಕೊಂಡು ಒಬ್ಬರು ಹುಲ್ಲಿನಲ್ಲಿ ಬಂದರು. ಬಿಳಿ ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು. ಚಳ್ಳಕೆರೆಯ ಸಂಗೀತದ ಮೇಷ್ಟ್ರು ಅವರು. ಸುತ್ತಲಿನ ಹಳ್ಳಿ, ಹಟ್ಟಿಗಳಿಂದ ಮಕ್ಕಳನ್ನು ಕೂಡಿಸಿ ಒಂದು ವಾದ್ಯಮೇಳ ಕಟ್ಟುತ್ತಿದ್ದರು. ಸಿಂಗಪುರದಲ್ಲಿ ನೆಲೆಸಿದ ಕನ್ನಡದವರು ಆ ಮೇಳವನ್ನು ಕರೆಸಿಕೊಳ್ಳುವವರಿದ್ದರು. ಮದ್ರಾಸಿನಿಂದ ಹಡಗು. ಏಳು ದಿನ ನೀರಿನ ಮೇಲೆ.

“ಯಾರಮ್ಮ ಬಾರಿಸಿದ್ದು?” ಅಂದರು.

“ನಾನೇ ರಿ.”

“ಸುಳ್ಳು ಹೇಳ್ಬೇಡ.”

“ಸುಳ್ಳು ಅಂದ್ರೆ ಸುಳ್ಳೇ ಬಿಡ್ರಿ.”

ತಾತ ಮರದ ಆಚೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ. “ಬಾರಿಸಿ ತೋರ್ಸೇ ಬೋರಿ” ಅಂದ. ಬಾರಿಸಿದೆ. ಮೇಷ್ಟ್ರು ಸೈಕಲ್ಲನ್ನು ಹುಲ್ಲಿನ ಮೇಲೆ ಬೀಳಲು ಬಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತರು.

ಮರುವಾರ ಅವರು ಹಟ್ಟಿಗೆ ಬಂದರು. ಅವ್ವ ಒಪ್ಪಲಿಲ್ಲ. “ಹಡಗಲ್ಲಿ ಕೋಳಿ ಬೇಯ್ಸಿದ ಪಾತ್ರೇಲೇ ಸಾರು ಮಾಡ್ತಾರಂತೆ. ತಿಂದು ಬಂದ್ರೆ ಹಟ್ಟಿಯೊಳಗೆ ಬಿಟ್ಕಳ್ಳಾರ್ಯಾರು? ಇವಳ ಮದುವೆ ಮಾಡಾರ್ಯಾರು?”

“ನಾನೂ ತಿನ್ನಲ್ಲಮ್ಮ. ನಮ್ಮ ಮಕ್ಕಳಿಗೆ ಬೇರೆ ಒಲೆ, ಬೇರೆ ಪಾತ್ರೆ. ನಾನೇ ನಿಂತು ನೋಡ್ಕೊಳ್ತೀನಿ.”

“ಮಾತಲ್ಲಿ ಎಲ್ಲಾರೂ ನೋಡ್ಕಂತಾರೆ.”

ಆಗ ತಾತ ಎದ್ದು ಅಟ್ಟದಿಂದ ಮಾತಿನ ಕಂಬಳಿ ಇಳಿಸಿದ. ಇದನ್ನು ಬಿಡಿಸಿ ಹೇಳಬೇಕು. ನಮ್ಮ ಹಟ್ಟಿಯಲ್ಲಿ ಮನೆಗೊಂದು ಕರಿ ಕಂಬಳಿ ಇರುತ್ತಿತ್ತು. ಅದನ್ನು ಯಾರೂ ಹೊದೆಯುವಂತಿಲ್ಲ, ಹಾಸಿ ಮಲಗುವಂತಿಲ್ಲ. ಹೊದ್ದರೆ ಅದು ಬರೀ ಉಣ್ಣೆ. ಹೊದೆಯದೆ ಇಟ್ಟರೆ ಅದು ಮಾತಿನ ಕಂಬಳಿ. ಅದನ್ನು ಹಾಸಿ, ಅದರ ಮೇಲೆ ಕೈ ಇಟ್ಟು ಹೇಳಿದ ಮಾತು ತಪ್ಪುವ ಹಾಗಿಲ್ಲ. ತಪ್ಪಿದವನಿಗೆ ಬೆಂಕಿ, ನೀರು ಕೊಡುವವರಿಲ್ಲ. ಮಾತನ್ನು ಬಿಡಿಸಲು ಒಂದೇ ದಾರಿ. ಯಾರು ಮಾತು ಪಡೆದರೋ ಅವರೇ ಕಂಬಳಿಯನ್ನು ಬಾಗಿಲ ಮುಂದೆ ಮೂರು ಸಲ ಕೊಡವಬೇಕು. ಆಗ ಕೊಟ್ಟವನು ಬಿಡುಗಡೆ.

ಮೇಷ್ಟ್ರು ಚಪ್ಪಲಿ ಬಿಟ್ಟು, ಕಂಬಳಿಯ ಅಂಚಿನಲ್ಲಿ ಮಂಡಿಯೂರಿ ಕೈ ಇಟ್ಟರು. “ಪಾಲಯ್ಯನವರೇ, ನಿಮ್ಮ ಮೊಮ್ಮಗಳು ಬೋರಮ್ಮನ್ನ ಹಡಗಲ್ಲಿ ಕರ್ಕೊಂಡು ಹೋಗ್ತೀನಿ, ಕೋಳಿ ಮುಟ್ಟಿಸದೆ ಹಂಗೇ ಕರ್ಕೊಂಡು ಬರ್ತೀನಿ. ನಿಮಗೆ ಮಾತು ಕೊಟ್ಟೆ.”

ನಿಮಗೆ ಎಂದು ಅವರು ತಾತನಿಗೆ ಹೇಳಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮಾತು ನನ್ನ ಬಗ್ಗೆ, ಪಡೆದವನು ತಾತ. ಅದರಲ್ಲಿ ತಪ್ಪೇನಿದೆ ಎಂದು ಆಗ ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಆಮೇಲೆ ಪ್ರತಿ ಭಾನುವಾರ ಚಳ್ಳಕೆರೆ. ಎಣ್ಣೆ ಮಿಲ್ಲಿನ ಹಿಂದಿನ ಒಂದು ಕೋಣೆಯಲ್ಲಿ ನಮ್ಮ ಅಭ್ಯಾಸ. ಗೋಡೆಗೂ, ನೆಲಕ್ಕೂ, ನಮ್ಮ ಕೂದಲಿಗೂ ಶೇಂಗಾ ಹಿಂಡಿಯ ವಾಸನೆ. ಹದಿನಾಲ್ಕು ಮಕ್ಕಳು. ತಮಟೆ, ಕಹಳೆ, ಕೊಳಲು, ಚಿಟಿಕೆ, ಒಂದು ಪಿಟೀಲು. ಪಿಟೀಲು ಬಾರಿಸುವವಳು ಪೇಟೆಯ ಹುಡುಗಿ ಸರೋಜ, ಕೂದಲಿಗೆ ರಿಬ್ಬನ್ನು ಕಟ್ಟಿಕೊಂಡು ಬರುತ್ತಿದ್ದಳು.

“ನಿನ್ ವಾದ್ಯ ಹೊಟ್ಟೆನೋವು ಬಂದ ಎಮ್ಮೆ ಹಂಗೆ ಕೂಗುತ್ತೆ ಕಣೇ” ಅಂದಳು ಮೊದಲ ದಿನ.

“ನಿಂದು ಕಿವೀಲಿ ಹೊಕ್ಕ ಸೊಳ್ಳೆ ಹಂಗೈತೆ. ಎಮ್ಮೆನಾದ್ರೂ ಹಾಲು ಕೊಡುತ್ತೆ” ಅಂದೆ.

ಅವತ್ತಿನಿಂದ ನಾವಿಬ್ಬರೂ ಒಂದೇ ಪೊಟ್ಟಣದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅವಳೇ ನನಗೆ ಕಡಲು ಎಂದರೆ ಏನು ಎಂದು ಹೇಳಿದ್ದು. ಅವಳೂ ನೋಡಿರಲಿಲ್ಲ. “ನೀರು ಉಪ್ಪಂತೆ” ಅಂದಳು. ನಾನು ನಂಬಲಿಲ್ಲ. ಅಷ್ಟು ನೀರಿಗೆ ಉಪ್ಪು ಹಾಕುವವರು ಯಾರು?

ಮೇಷ್ಟ್ರ ಸಂಗೀತದಲ್ಲಿ ನನಗೆ ಕಷ್ಟವಾದದ್ದು ಒಂದೇ, ನಿಲ್ಲಿಸುವುದು. ಹಟ್ಟಿಯಲ್ಲಿ ಉರುಮೆ ನಿಲ್ಲಿಸುವುದು ದೇವರ ಕೆಲಸ. ಮೈಮೇಲೆ ಬಂದ ದೇವರು ಇಳಿಯುವವರೆಗೆ ಬಾರಿಸುತ್ತಲೇ ಇರಬೇಕು. ಇಲ್ಲಿ ಎಣಿಸಬೇಕು. ಎಂಟೆಂಟರ ನಾಲ್ಕು ಸುತ್ತು, ಆಮೇಲೆ ಹದಿನಾಲ್ಕು ಮಕ್ಕಳೂ ಒಂದೇ ಏಟಿಗೆ ಕತ್ತರಿಸಿದ ಹಾಗೆ ನಿಲ್ಲಬೇಕು. ತಿಂಗಳು ಹಿಡಿಯಿತು. ಕೊನೆಗೆ ಬಂತು. ಎಲ್ಲರೂ ಒಟ್ಟಿಗೆ ನಿಂತ ಮೇಲೆ ಆ ಕೋಣೆಯಲ್ಲಿ ಒಂದು ನಿಶ್ಶಬ್ದ ಆಗುತ್ತಿತ್ತಲ್ಲ, ಅದು ನನಗೆ ಬಾರಿಸುವುದಕ್ಕಿಂತ ಹೆಚ್ಚು ಸೇರುತ್ತಿತ್ತು.

ಪಾಸ್‌ಪೋರ್ಟಿಗೆ ಫೋಟೊ ತೆಗೆಸಿದರು. ದರ್ಜಿ ಬಂದು ಕೆಂಪು ಲಂಗಕ್ಕೆ ಅಳತೆ ತೆಗೆದುಕೊಂಡ. ನಾನು ಕಾವಲಿನಲ್ಲಿ ಕುರಿಗಳಿಗೆಲ್ಲ ಹೇಳಿದೆ, ಹಡಗಲ್ಲಿ ಹೋಗ್ತೀನಿ ಎಂದು. ಮನುಷ್ಯರಿಗಂತೂ ಹೇಳಿ ಹೇಳಿ ಅವರಿಗೆ ಬೇಸರ ಬಂದಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಮೊಳಕಾಲ್ಮೂರಿನಲ್ಲಿ ಜನರ ಮುಂದೆ ಒಂದು ಸಲ ಬಾರಿಸಿ ನೋಡುವುದೆಂದಾಯಿತು. ಸಿಂಗಪುರದ ಕಡೆಯವರೊಬ್ಬರು ನೋಡಲು ಬರುವವರಿದ್ದರು. ಅವ್ವ ಒಬ್ಬಳನ್ನೇ ಅಷ್ಟು ದೂರ ಕಳಿಸಲಿಲ್ಲ, ತಾತ ಜೊತೆಗೆ ಬಂದ. ತಾತ ಅದಕ್ಕಿಂತ ಆಚೆ ಎಲ್ಲೂ ಹೋದವನಲ್ಲ. ಆ ಊರಿನಲ್ಲಿ ಮನೆ ಮನೆಗೆ ರೇಷ್ಮೆ ಮಗ್ಗ. ಬೀದಿಯಲ್ಲಿ ನಡೆದರೆ ಎರಡೂ ಕಡೆಯಿಂದ ಟಕಟಕ. ತಾತ ಆ ಸದ್ದಿಗೆ ತೊಡೆ ತಟ್ಟುತ್ತ ನಡೆದ.

ಅವತ್ತು ಮೋಡ ಕವಿದು ತಂಡಿ ಇತ್ತು. ಉರುಮೆಯ ಚರ್ಮ ಸಡಿಲಾಯಿತು. ನಾವು ಆಡುವ ಸರದಿ ಬಂದಾಗ ತಾತ ಶಾಲೆಯ ಅಂಗಳದ ಮೂಲೆಯಲ್ಲಿ ಹುಲ್ಲು ಉರಿಸಿ ಉರುಮೆ ಕಾಯಿಸುತ್ತಿದ್ದ. ಮಕ್ಕಳು ಶುರು ಮಾಡಿಬಿಟ್ಟರು. ತಾತ ಓಡಿಬಂದು, ಸರಿ ಕಾದಿದೆಯೋ ಇಲ್ಲವೋ ನೋಡಲು, ವೇದಿಕೆಯ ಮೇಲೆ ನನ್ನ ಪಕ್ಕದಲ್ಲೇ ನಿಂತು ಒಂದು ಸಲ ಉಜ್ಜಿದ. ಗುಂವ್ ಅಂದಿತು. ಜನ ತಲೆ ಎತ್ತಿದರು. ಇನ್ನೊಂದು ಸಲ ಉಜ್ಜಿದ. ಆಮೇಲೆ ನನಗೆ ಕೊಡಲೇ ಇಲ್ಲ.

ಬಿಳಿ ಮೀಸೆ, ತಲೆಗೆ ಸುತ್ತಿದ ಟವೆಲ್ಲು, ಮುಚ್ಚಿದ ಕಣ್ಣು. ಮಕ್ಕಳು ಎಣಿಸಿ ನಿಲ್ಲಿಸಿದರು. ತಾತನಿಗೆ ಲೆಕ್ಕ ಎಲ್ಲಿ ಗೊತ್ತು? ಅವನು ಬಾರಿಸುತ್ತಲೇ ಹೋದ. ಒಬ್ಬನೇ. ಜನ ಎದ್ದು ನಿಂತರು. ಸಿಂಗಪುರದ ಕಡೆಯವರು ಕುರ್ಚಿ ಬಿಟ್ಟು ಮುಂದೆ ಬಂದರು. ನಾನು ಬರಿಗೈಯಲ್ಲಿ ಪಕ್ಕದಲ್ಲಿ ನಿಂತಿದ್ದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ನನ್ನ ತಾತ ಎಂದು ಸರೋಜಳಿಗೆ ಕೂಗಿ ಹೇಳಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ತಾತ ಕಿಟಕಿಯಾಚೆ ಬಂಡೆ ಗುಡ್ಡಗಳನ್ನು ನೋಡುತ್ತಿದ್ದ. “ಕಡ್ಲು ಎಷ್ಟಗಲ ಇರ್ತೈತೆ ಬೋರಿ?” ಎಂದು ಕೇಳಿದ. “ಬಂದು ಹೇಳ್ತೀನಿ ತಾತ” ಅಂದೆ.

ಹತ್ತು ದಿನ ಕಳೆದಿರಬೇಕು. ಕುರಿ ಹೊಡೆದುಕೊಂಡು ಮನೆಗೆ ಬಂದರೆ ಮಾತಿನ ಕಂಬಳಿ ಬೇಲಿಯ ಮೇಲೆ ಬಿಸಿಲಿಗೆ ಬಿದ್ದಿತ್ತು.

“ಅವ್ವ, ಯಾರು ಬಂದಿದ್ರು?”

ಅವ್ವ ಹುರುಳಿ ಕೇರುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. ತಾತನೇ ಹೇಳಿದ. “ಯಾರೂ ಇಲ್ಲ ಪಾಪ. ನುಸಿ ಬಿದ್ದಿತ್ತು. ಕೊಡವಿದೆ.”

ನಾನು ನಂಬಿದೆ. ಉಣ್ಣೆಗೆ ನುಸಿ ಬೀಳುವುದು ಸುಳ್ಳೇನಲ್ಲ.

ಮುಂದಿನ ಭಾನುವಾರ ತಾತ ಹೇಳಿದ, “ನಿಮ್ಮಪ್ಪ ಇಲ್ಲ, ಕುರಿ ನೋಡಾರಿಲ್ಲ. ನೀನು ಮನೇಲಿರು. ನಾನೇ ಹೋಗಿ ಮೇಷ್ಟ್ರ ಹೊಸ ಪಾಠ ಕೇಳ್ಕಂಡು ಬರ್ತೀನಿ.” ಹಾಗೆ ಎಂಟು ಭಾನುವಾರ ಅವನು ಹೋದ. ಒಂದು ಸಲ ಮೀಸೆ ಕತ್ತರಿಸಿಕೊಂಡು, ಕೂದಲು ಬಾಚಿಕೊಂಡು ಬಂದ. “ಏನ್ ತಾತ, ಮದ್ವೆ ಗಂಡಾಗಿದೀಯ?” ಎಂದು ನಗಾಡಿದೆ. ಫೋಟೊ ತೆಗೆಸಿಕೊಂಡು ಬಂದಿದ್ದ. ಅದು ನನಗೆ ಆಮೇಲೆ ಗೊತ್ತಾದದ್ದು.

ಕಾವಲಿನಲ್ಲಿ ಪಾಠ ಬಿಡಲಿಲ್ಲ. ಆದರೆ ಈಗ ಪಾಠ ತಿರುಗಿತ್ತು. “ಆ ನಿಲ್ಲಾದು ಹೆಂಗೆ, ನನಗೂ ತೋರ್ಸೇ” ಅನ್ನುತ್ತಿದ್ದ. ನಾನು ಕಲ್ಲು ಜೋಡಿಸಿಟ್ಟು ಎಣಿಸಲು ಕಲಿಸಿದೆ. ಎಂಟು ಕಲ್ಲು, ನಾಲ್ಕು ಸಾಲು. ಕೊನೆಯ ಕಲ್ಲಿಗೆ ಬಂದಾಗ ಮೊಣಕೈ ಎಳೆದು ಕೋಲು ನಿಲ್ಲಿಸುತ್ತಿದ್ದೆ. ತಪ್ಪಿದರೆ, “ಅಯ್ಯೋ ಮುದುಕಾ, ಕಲ್ಲು ನೋಡು, ಮುಗಿಲು ನೋಡ್ಬ್ಯಾಡ” ಎಂದು ಬೈಯುತ್ತಿದ್ದೆ. ಅವನು ನಗುತ್ತಿದ್ದ. ದೇವರಿಗೆ ಬಾರಿಸುವ ಕೈಗೆ ನಿಲ್ಲುವುದನ್ನು ಕಲಿಸಿದವಳು ನಾನು. ಚೆನ್ನಾಗಿಯೇ ಕಲಿಸಿದೆ.

ಗೊತ್ತಾಗಬೇಕಿತ್ತು ಎಂದು ನೀವು ಅನ್ನಬಹುದು. ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಕಂಬಳಿಯ ಮೇಲೆ ಮಾತಾಗಿತ್ತು. ಕಂಬಳಿಯ ಮೇಲೆ ಮಾತಾದ ಮೇಲೆ ನಮ್ಮ ಹಟ್ಟಿಯಲ್ಲಿ ಯಾರೂ ಇನ್ನೊಂದು ಸಲ ಕೇಳುತ್ತಿರಲಿಲ್ಲ. ಕೇಳಿದರೆ ಅವಮಾನ. ಪೇಟೆಯ ಹುಡುಗಿಯಾಗಿದ್ದರೆ ಕೇಳಿರುತ್ತಿದ್ದೆ.

ಹೊರಡುವ ದಿನ ಬಂತು. ಅವ್ವ ಅವತ್ತು ನನ್ನ ತಲೆಗೆ ಎಣ್ಣೆ ಹಚ್ಚಲಿಲ್ಲ. ನಾನೇ ಹಚ್ಚಿ ಜಡೆ ಹಾಕಿಕೊಂಡೆ. ತಾತ ಹೊಸ ಪಂಚೆ ಉಟ್ಟ. ನನ್ನನ್ನು ಕಳಿಸಲು ಬರುತ್ತಿದ್ದಾನೆ ಎಂದುಕೊಂಡೆ. ಬುತ್ತಿಯ ಗಂಟು ಅವನ ಕೈಯಲ್ಲಿ, ಉರುಮೆ ನನ್ನ ಹೆಗಲಲ್ಲಿ. ರಸ್ತೆಯವರೆಗೆ ನಡೆದು, ಅಲ್ಲಿಂದ ಲಾರಿ ಹತ್ತಿ ಚಳ್ಳಕೆರೆಗೆ ಬಂದೆವು. ಎಣ್ಣೆ ಮಿಲ್ಲಿನ ಮುಂದೆ ಮದ್ರಾಸಿಗೆ ಹೋಗುವ ಬಾಡಿಗೆ ಬಸ್ಸು ನಿಂತಿತ್ತು. ಮಕ್ಕಳ ಅಪ್ಪ ಅಮ್ಮಂದಿರು, ಹೂವು, ಗಲಾಟೆ. ಸರೋಜ ಕಿಟಕಿಯಿಂದ ಕೈ ಬೀಸಿದಳು, ಆಮೇಲೆ ಯಾಕೋ ಕೈ ಒಳಗೆ ಎಳೆದುಕೊಂಡಳು.

ಮೇಷ್ಟ್ರು ನನ್ನನ್ನು ನೋಡಿ, “ಬಾಮ್ಮ ಬೋರಮ್ಮ. ತಾತನ್ನ ಕಳಿಸೋಕೆ ಬಂದ್ಯಾ? ಒಳ್ಳೇ ಹುಡುಗಿ ನೀನು” ಅಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. “ನಾನಲ್ಲ ರಿ, ತಾತ ನನ್ನ ಕಳ್ಸಾಕೆ ಬಂದಿರಾದು.”

ಮೇಷ್ಟ್ರು ತಾತನ ಮುಖ ನೋಡಿದರು. “ಪಾಲಯ್ಯನವರೇ, ಹುಡುಗಿಗೆ ಹೇಳಿದೀನಿ ಅಂದ್ರಲ್ಲ? ಅವಳೂ ಒಪ್ಪಿದಾಳೆ ಅಂದ್ರಿ.”

ತಾತ ರುಮಾಲು ಸರಿ ಮಾಡಿಕೊಂಡ. “ಹೇಳ್ಬೇಕು ಅಂತಿದ್ದೆ” ಅಂದ.

ನಾನು ಮೇಷ್ಟ್ರ ಕಡೆ ತಿರುಗಿದೆ. “ಕಂಬಳಿ ಮೇಲೆ ಕೈಯಿಟ್ಟಿದ್ರಲ್ಲ ಮೇಷ್ಟ್ರೇ?”

“ಇಟ್ಟಿದ್ದೆನಮ್ಮ. ಸಿಂಗಪುರದವರು ತಾತ ಬರಲೇಬೇಕು ಅಂತ ಕಾಗದ ಬರೆದರು. ಹಡಗಲ್ಲಿ ನಮಗೆ ಹದಿನೈದೇ ಜಾಗ, ಒಬ್ಬರು ಹತ್ತಬೇಕಾದ್ರೆ ಒಬ್ಬರು ಇಳೀಬೇಕು. ನಾನು ಮಾತು ಕೊಟ್ಟವನು, ನನ್ನ ಕೈಲಿ ಆಗಲ್ಲ ಅಂತ ನಿಮ್ಮ ಮನೆಗೇ ಬಂದು ಹೇಳಿದೆ. ನಿಮ್ಮ ತಾತನೇ ಕೊಡವಿದರು. ಬಾಗಿಲ ಮುಂದೆ, ಮೂರು ಸಲ.”

ಅವರನ್ನು ನಾನು ಬೈಯುವುದಿಲ್ಲ. ಅವರು ನಮ್ಮ ಕಟ್ಟಿನ ಪ್ರಕಾರವೇ ನಡೆದುಕೊಂಡರು. ಬೇಡ ಎಂದು ಒಂದು ಮಾತು ತಾತ ಅಂದಿದ್ದರೆ ಸಾಕಿತ್ತು.

“ತಾತ” ಅಂದೆ.

“ನಿನಗೆ ಇನ್ನೂ ವಯಸ್ಸೈತೆ ಪಾಪ” ಅಂದ. “ಮುಂದೆ ಇನ್ನೊಂದ್ ಸಲ ಕರೀತಾರೆ. ನನಗೆ ಎಲ್ಲೈತೆ ಇನ್ನೊಂದ್ ಸಲ?”

ಹೇಳಿ, ನಾನು ಹೊತ್ತು ತಂದ ಉರುಮೆಯನ್ನು ನನ್ನ ಹೆಗಲಿಂದಲೇ ಬಿಡಿಸಿಕೊಂಡು ಬಸ್ಸು ಹತ್ತಿದ. ಹತ್ತುವಾಗ ಮುಗ್ಗರಿಸಿದ. ನಾನು ಕೈ ಕೊಡಲಿಲ್ಲ. ಬಸ್ಸು ಹೋದ ಮೇಲೆ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಇವತ್ತಿಗೂ ಆ ವಾಸನೆ ಬಂದರೆ ನಾನು ಆ ಬೀದಿ ಬಿಟ್ಟು ಬೇರೆ ಬೀದಿ ಹಿಡಿಯುತ್ತೇನೆ.

ನಮ್ಮ ಕಡೆಯ ಗಾಡಿ ಸಿಕ್ಕಿ ಸಂಜೆಯ ಹೊತ್ತಿಗೆ ಮನೆ ಸೇರಿದೆ. ಅವ್ವ ಮುದ್ದೆ ಇಟ್ಟಳು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಉರುಮೆ ಹರಿದು ಹಾಕ್ತಿದ್ದೆ.”

“ಹೂಂ, ಹರೀತಿದ್ದೆ.”

“ಅದಕ್ಕೇ ಹೇಳ್ಲಿಲ್ಲ. ಉಣ್ಣು.”

ಹಸಿವಾಗಿತ್ತು. ಉಂಡೆ.

ಆರು ವಾರದ ಮೇಲೆ ತಾತ ಬಂದ. ಹಟ್ಟಿಗೆ ಹಟ್ಟಿಯೇ ಬೇಲಿಯ ಹತ್ತಿರ ಸೇರಿತು. ಹಿರಿಯರು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, “ಪಾಲಯ್ಯ, ಕೋಳಿ ಮುಟ್ಟಿಲ್ಲ ಅಂತ ನಿಮ್ಮ ಮನೆ ಕಂಬಳಿ ಮೇಲೆ ಕೈಯಿಟ್ಟು ಹೇಳಪ್ಪ, ಒಳಗೆ ಬಾ” ಅಂದರು. ತಾತ ಹೇಳಲು ತಯಾರಿದ್ದ. ಆದರೆ ನಮ್ಮ ಮನೆಯಲ್ಲಿ ಮಾತಿನ ಕಂಬಳಿ ಇರಲಿಲ್ಲ. ಯಾಕೆ ಇರಲಿಲ್ಲ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಬೇರೆ ಮನೆಯ ಕಂಬಳಿಯ ಮೇಲೆ ಹೇಳಿದ ಮಾತು ನಡೆಯುವುದಿಲ್ಲ. ಅವ್ವ ತಲೆ ತಗ್ಗಿಸಿ ನಿಂತಳು. ತಾತ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ.

ಹನ್ನೊಂದು ದಿನ ಅವನು ಬೇಲಿಯ ಹೊರಗೆ ಕಣದ ಗುಡಿಸಲಿನಲ್ಲಿ ಇದ್ದ. ದೇವರ ನೀರು ಹಾಕಿಸಿ, ನಾಲಗೆಗೆ ಕಾದ ಬಂಗಾರ ಮುಟ್ಟಿಸಿ ಆಮೇಲೆ ಒಳಗೆ ಬಿಟ್ಟುಕೊಂಡರು. ಕೋಳಿ ಅವನು ತಿಂದಿರಲಿಕ್ಕಿಲ್ಲ. ಅವ್ವ ಕಟ್ಟಿಕೊಟ್ಟ ಹುರಿಹಿಟ್ಟಿನಲ್ಲೇ ಹೋಗಿ ಬಂದೆ ಎಂದು ಸಾಯುವವರೆಗೆ ಹೇಳಿದ. ಆದರೆ ಹಟ್ಟಿಯ ಹುಡುಗರ ಬಾಯಲ್ಲಿ ಅವನು ‘ಕೋಳಿ ಪಾಲಯ್ಯ’ ಆಗಿಬಿಟ್ಟ. ಅವನ ಹಿಂದೆ ನಿಂತು ಕೊಕ್ಕೊಕ್ಕೋ ಅನ್ನುತ್ತಿದ್ದರು. ಪಂಚಾಯ್ತಿಯವರು ಫೋಟೊದ ಕೆಳಗೆ ಇದನ್ನು ಬರೆಸಿಲ್ಲ.

ಅವನು ನನಗೊಂದು ಬಾಟಲಿ ತಂದಿದ್ದ. ಕಡಲ ನೀರು. “ನಿನಗೋಸ್ಕರ ಹಡಗಿಂದ ಹಗ್ಗ ಬಿಟ್ಟು ತುಂಬಿಸ್ದೆ ಪಾಪ” ಅಂದ. ಬೆರಳದ್ದಿ ನೆಕ್ಕಿ ನೋಡಿದೆ. ಸರೋಜ ಹೇಳಿದ್ದು ನಿಜ, ಉಪ್ಪು. ಉಳಿದದ್ದನ್ನು ತೆಗೆದುಕೊಂಡು ಹೋಗಿ ಕುರಿಗಳು ನೀರು ಕುಡಿಯುವ ಬಾನಿಗೆ ಸುರಿದೆ. ಉಪ್ಪು ನೀರು ಕುರಿಗೆ ಒಳ್ಳೆಯದು. ಕುಡಿದವು.

ಅವನು ಇನ್ನೂ ಒಂಬತ್ತು ವರ್ಷ ಬದುಕಿದ. ಕಟ್ಟೆಯ ಮೇಲೆ ಕುಳಿತು ಕಡಲಿನ ಕತೆ ಹೇಳುತ್ತಿದ್ದ. ಹಾರುವ ಮೀನು, ಹಡಗಿನೊಳಗಿನ ಮೆಟ್ಟಿಲು, ಸಿಂಗಪುರದ ದೀಪ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಮೇಳ ನಿಂತ ಕಡೆ ತಾನೂ ಟಕ್ಕನೆ ನಿಂತೆ, ಒಂದು ಸಲವೂ ತಪ್ಪಲಿಲ್ಲ, ದೊರೆಗಳಂಥ ಜನ ಭೇಷ್ ಅಂದರು ಎಂದು ಹೇಳುತ್ತಿದ್ದ. ನಿಲ್ಲುವುದನ್ನು ಯಾರು ಕಲಿಸಿದರು ಎಂದು ಹೇಳುತ್ತಿರಲಿಲ್ಲ. ನಾನು ನೀರಿನ ಕೊಡ ಹೊತ್ತು ಆ ಕಟ್ಟೆಯ ಮುಂದೆಯೇ ಹೋಗಬೇಕಿತ್ತು. ನನ್ನನ್ನು ಕಂಡರೆ ಕತೆಯನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದ. ನಾನು ದಾಟಿದ ಮೇಲೆ ಮತ್ತೆ ಶುರು.

ಇನ್ನೊಂದು ಸಲ ಯಾರೂ ಕರೆಯಲಿಲ್ಲ. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು, ಮೇಳ ಚದುರಿತು. ನಾನು ಉರುಮೆ ಮುಟ್ಟಲಿಲ್ಲ. ತಾತ ಎರಡು ಸಲ ಕಾವಲಿಗೆ ಹೊತ್ತು ತಂದ, ಎರಡು ಸಲವೂ ಹಾಗೇ ಹೊತ್ತುಕೊಂಡು ಹೋದ. ಅವನು ಸತ್ತಾಗ ಬಾರಿಸುವವರಿಲ್ಲದೆ ಬೇರೆ ಹಟ್ಟಿಯಿಂದ ಕರೆಸಿದರು. ಬಂದವನ ಕೈ ಚೆನ್ನಾಗಿರಲಿಲ್ಲ. ನಾನು ಅಂಗಳದಲ್ಲಿ ಕುಳಿತು ಕೇಳಿದೆ. ತಪ್ಪಿದ ಕಡೆಯೆಲ್ಲ ನನ್ನ ಮೊಣಕೈ ಸೆಳೆಯುತ್ತಿತ್ತು. ಎದ್ದು ಹೋಗಿ ಕಸಿದುಕೊಳ್ಳಲಿಲ್ಲ. ಅದೊಂದು ಮಾಡಬಹುದಿತ್ತು.

ಈಗ ನಮ್ಮ ಹಟ್ಟಿಯಲ್ಲಿ ಯಾವ ಮನೆಯಲ್ಲೂ ಮಾತಿನ ಕಂಬಳಿ ಇಲ್ಲ. ಸ್ಟಾಂಪ್ ಪೇಪರು ಇದೆ, ಮೊಬೈಲಿನಲ್ಲಿ ಮಾತು ಹಿಡಿದಿಟ್ಟುಕೊಳ್ಳುತ್ತಾರೆ. ಕಾವಲಿಗೆ ಗೋಡೆ ಬಂದಿದೆ, ಗೋಡೆಯ ಮೇಲೆ ತಂತಿ. ಜಾಲಿ ಮರ ಇದೆಯೋ ಇಲ್ಲವೋ ಹೋಗಿ ನೋಡುವ ಹಾಗಿಲ್ಲ. ಉರುಮೆ ಹೋಯಿತು, ಹುಲ್ಲು ಹೋಯಿತು, ಕಾರೆ ಹಣ್ಣು ಹೋಯಿತು. ಕೇಳದೆ ನಂಬುವ ಗುಣ ನನಗೆ ಅವತ್ತೇ ಹೋಗಿತ್ತು. ಗಂಡನನ್ನು ನಾನು ಒಂದೊಂದು ಮಾತಿಗೂ ಮೂರು ಸಲ ಕೇಳಿದೆ. ಒಳ್ಳೆಯ ಮನುಷ್ಯ, ಮೂರು ಸಲವೂ ಉತ್ತರ ಕೊಟ್ಟ.

ಆಗ ತಾತನಿಗೆ ಎಷ್ಟು ವಯಸ್ಸೋ ಈಗ ನನಗೆ ಅಷ್ಟು. ಇನ್ನೊಂದು ಸಲ ಎನ್ನುವುದು ಇಲ್ಲ ಎಂದರೆ ಹೇಗಿರುತ್ತದೆ ಎಂದು ಈಗ ಗೊತ್ತು. ನನ್ನ ಮೊಮ್ಮಗಳೂ ಶಾಲೆಯ ಬ್ಯಾಂಡಿನಲ್ಲಿದ್ದಾಳೆ. ಅವಳ ಜಾಗ ನನಗೆ ಕೊಡುತ್ತೇನೆ ಎಂದು ಯಾರಾದರೂ ಬಂದರೆ ನಾನು ಏನು ಮಾಡುತ್ತೇನೆ ಎಂದು ಯೋಚಿಸಿ ನೋಡಿದೆ. ಬೇಡ ಎನ್ನುತ್ತೇನೆ. ಅಷ್ಟು ಕಷ್ಟದ ಮಾತೇನಲ್ಲ ಅದು.

ಕಂಬಳಿಯದ್ದು ಹೇಳುವುದಿತ್ತು. ಬಸ್ಸು ಹೋದ ಮರುದಿನ ಬೆಳಿಗ್ಗೆ ಜಿನುಗು ಮಳೆ ಇತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಏಣಿ ಹಾಕಿ ಅಟ್ಟ ಹತ್ತಿ ಮಾತಿನ ಕಂಬಳಿ ಇಳಿಸಿದೆ. “ಬೋರೀ, ಏನ್ ಮಾಡ್ತಿದೀಯೇ” ಎಂದು ಅವ್ವ ಕೂಗಿದಳು, ಆದರೆ ಎದ್ದು ಬರಲಿಲ್ಲ. ನಾನು ಅದನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದುಕೊಂಡು, ಕುರಿ ಬಿಟ್ಟುಕೊಂಡು, ಮಳೆಯಲ್ಲಿ ಕಾವಲಿಗೆ ಹೋದೆ.